ಮುಡಿಯದ ಮಲ್ಲಿಗೆ

ಕಳೆದ ತಿಂಗಳು ಹೊಸಪೇಟೆಯಲ್ಲಿ ಸುಗಂಧದ್ರವ್ಯಗಳ ಅಂಗಡಿಯೊಂದನ್ನು ಹೊಕ್ಕು, ಗಾಜಿನ ಕಪಾಟಿನಲ್ಲಿ ಸಾಲುಗೊಂಡಿದ್ದ ಶೀಶೆಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡುತ್ತಿದ್ದಾಗ, ಅಂಗಡಿಯ ಹುಡುಗನು ಬಹಳ ವಿನಯದಿಂದ, "ಜೆಂಟ್ಸ್‌ಗಾ ಸರ್, ಲೇಡೀಸ್‌ಗಾ?" ಎಂದು ಕೇಳಿದನು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಎಡಗಡೆಯ ಕಪಾಟು ಗಂಡಸರದು, ಬಲಗಡೆಯದು ಹೆಂಗಸರದು. ಯಾವುದರ ಮುಂದೆ ನಿಲ್ಲಬೇಕೆಂಬುದನ್ನು ತಿಳಿಸುವುದು ಅವನ ಕೆಲಸ. ಆದರೆ ನನ್ನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆ, ಹತ್ತು ಮಂದಿ ನಡೆದ ಹಾದಿಯಲ್ಲಿ ನಡೆಯಲೊಲ್ಲದವರಿಗಾಗಿ ಈ ಪರಿಮಳ ಎಂಬ ಅರ್ಥದ ಮಾತು ಅಚ್ಚಾಗಿತ್ತು. ಆ ಮಾತನ್ನೂ ಈ ಪ್ರಶ್ನೆಯನ್ನೂ ಒಂದೇ ಗಳಿಗೆಯಲ್ಲಿ ಮನಸ್ಸು ಹೊಂದಿಸಿಕೊಳ್ಳಲಾರದೆ ಹೋಯಿತು. ಶೀಶೆಯನ್ನು ಇದ್ದಲ್ಲಿಯೇ ಇರಿಸಿ, ಏನನ್ನೂ ಕೊಳ್ಳದೆ ಹೊರಗೆ ಬಂದು ಕೂಡ್ಲಿಗಿಯ ಬಸ್ಸನ್ನು ಹತ್ತಿದೆ. ಬಸ್ಸು ಊರು ಮುಟ್ಟುವ ತನಕ, ಅಂಥ ಪ್ರಶ್ನೆಯನ್ನು ಒಮ್ಮೆಯೂ ಕೇಳದಿದ್ದ ಒಬ್ಬ ವ್ಯಾಪಾರಿಯೂ, ಆತನ ಮುಂದೆ ಕೈ ಚಾಚಿ ಕುಳಿತಿರುತ್ತಿದ್ದ ನಮ್ಮ ಸೋದರತ್ತೆಯೂ ಕಣ್ಣ ಮುಂದೆ ಇದ್ದರು.

ಅತ್ತೆಯು ಹಡಗಲಿ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋಗಿ, ಮದುವೆಯಾದ ಒಂಬತ್ತನೆಯ ವರ್ಷ ಪತಿಯನ್ನು ಕಳೆದುಕೊಂಡು, ಮಕ್ಕಳಿಲ್ಲದವಳಾಗಿ, ತಗಡಿನ ಟ್ರಂಕೊಂದರೊಡನೆ ತವರುಮನೆಗೆ ಮರಳಿದಾಗ ನನಗೆ ಆರೇಳು ವರ್ಷ. ನಮ್ಮ ತಾಲ್ಲೂಕುಗಳು 1953ರಲ್ಲಿ ಮದರಾಸಿನ ಆಡಳಿತವನ್ನು ಬಿಟ್ಟು ಮೈಸೂರು ಸಂಸ್ಥಾನಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಹಿರಿಯರ ಮಾತಿನಲ್ಲಿ ಕಚೇರಿ ಕಾಗದಗಳೆಲ್ಲ ಇನ್ನೂ ಮದರಾಸಿನ ಕಡೆಗೇ ಮುಖಮಾಡಿದ್ದುವು. ಅತ್ತೆಯ ಟ್ರಂಕನ್ನು ನಡುಮನೆಯ ಮೂಲೆಯಲ್ಲಿ ಇರಿಸಿದರು. ಅದರ ಮುಚ್ಚಳವನ್ನು ತೆರೆದಾಗಲೆಲ್ಲ ಒಂದು ಬಗೆಯ ಕಂಪು ಹೊರಟು, ಜೋಳದ ಹಗೇವಿನ ವಾಸನೆಯನ್ನೂ ಸೀಮೆಎಣ್ಣೆಯ ಬುಡ್ಡಿಯ ವಾಸನೆಯನ್ನೂ ದಾಟಿಕೊಂಡು ಪಡಸಾಲೆಯ ತನಕ ಬರುತ್ತಿತ್ತು. ಅದು ಮಲ್ಲಿಗೆಯದೆಂಬುದು ಬಾಲಕನಾದ ನನಗೂ ತಿಳಿಯುತ್ತಿತ್ತು. ಹೂವೇ ಇಲ್ಲದ ಪೆಟ್ಟಿಗೆಯಿಂದ ಅದು ಹೇಗೆ ಬರುತ್ತಿತ್ತೆಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಹಡಗಲಿಯೆಂದರೆ ಹೂವಿನ ಹಡಗಲಿ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವು ಹೊಳೆಯ ಮೇಲೆ ಹಡಗಿನಲ್ಲಿ ಹಂಪೆಗೆ ಹೋಗುತ್ತಿದ್ದುದರಿಂದ ಊರಿಗೆ ಆ ಹೆಸರು ಬಂದಿತೆಂದು ನಮ್ಮ ಕಡೆಯ ಜನ ಇಂದಿಗೂ ಹೇಳುತ್ತಾರೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳೊಡನೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನನಗಾದರೋ ಆ ಹೂವಿನ ವಿಷಯವೆಲ್ಲ ಬಂದುದು ಅತ್ತೆಯ ಬಾಯಿಂದ. ಆಕೆಯ ಗಂಡನ ಮನೆಯವರಿಗೆ ಹೊಳೆಯ ಹತ್ತಿರ ಮಲ್ಲಿಗೆಯ ತೋಟವಿತ್ತು. ಬೆಳಗಿನ ಜಾವ, ಮೈಲಾರದ ಕಡೆಯಿಂದ ಬೀಸುವ ತಂಗಾಳಿಯಲ್ಲಿ ಮೊಗ್ಗುಗಳು ಇನ್ನೂ ಬಿಗಿದುಕೊಂಡಿರುವಾಗಲೇ ಅವನ್ನು ಬಿಡಿಸಬೇಕಂತೆ. ಬಿಸಿಲು ಏರಿದರೆ ಮೊಗ್ಗಿನ ಬಿಗಿ ಸಡಿಲುವುದಂತೆ. ಉಗುರು ತಗಲಿದರೆ ಎಸಳು ಕಂದುವುದರಿಂದ ಬೆರಳ ತುದಿಯ ಮೆತ್ತನೆಯ ಭಾಗದಿಂದಲೇ ಕೀಳಬೇಕಂತೆ. "ಕಿತ್ತ ಮ್ಯಾಲೆ ಸಾಯ್ತದಂತ ತಿಳಿಬ್ಯಾಡ. ಸಂಜಿಕ ಯಾರ ತಲಿಯಾಗ ಇರ್ತದೋ ಅಲ್ಲೇ ಅರಳ್ತದ," ಎಂದು ಆಕೆ ಹೇಳುತ್ತಿದ್ದುದು ಅಕ್ಷರಶಃ ಸತ್ಯ. ಗಿಡದಿಂದ ಅಗಲಿದ ಮೇಲೂ ಮಲ್ಲಿಗೆಯು ಬಹಳ ಹೊತ್ತು ತನ್ನ ಪರಿಮಳವನ್ನು ಉತ್ಪಾದಿಸುತ್ತಲೇ ಇರುತ್ತದೆಂಬುದನ್ನು ಕಂಡುಕೊಂಡೇ, ಫ್ರಾನ್ಸಿನ ಗ್ರಾಸ್ ಪಟ್ಟಣದ ಗಂಧಿಗರು ಕಿತ್ತ ಹೂಗಳನ್ನು ಕೊಬ್ಬು ಸವರಿದ ಗಾಜಿನ ಹಲಗೆಗಳ ಮೇಲೆ ಹರಡಿ, ಅವು ಬಿಟ್ಟುಕೊಡುವ ಕಂಪನ್ನು ಆ ಕೊಬ್ಬಿನಲ್ಲಿ ಹಿಡಿಯುತ್ತಿದ್ದರು.

ಇಷ್ಟು ಮಲ್ಲಿಗೆಯ ನಡುವೆ ಒಂಬತ್ತು ವರ್ಷ ಬಾಳಿದವಳಿಂದ, ಪತಿಯು ಮರಣಹೊಂದಿದ ಹತ್ತನೆಯ ದಿನ, ಕುಂಕುಮದೊಡನೆ ಬಳೆಯನ್ನೂ ಬಳೆಯೊಡನೆ ಹೂವನ್ನೂ ಕಿತ್ತುಕೊಂಡರು. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಹೆಸರನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವ ಸೀಮೆ ನಮ್ಮದು. ಅರಮನೆಯನ್ನು ತೊರೆದು ಹೊರಟ ಅಕ್ಕಮಹಾದೇವಿಯು ಹಾಡಿದ ದೈವದ ಹೆಸರಿನಲ್ಲಿಯೇ ಮಲ್ಲಿಗೆಯಿದೆ. ಅತ್ತೆಯು ಸೊಸೆಯಾಗಿದ್ದ ಊರಿಗೆ ಅಷ್ಟೇನೂ ದೂರವಲ್ಲದ ಕುರುವತ್ತಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಮದನಿಕೆಯರನ್ನು ನಿಲ್ಲಿಸಿ ಅಲಂಕರಿಸಿರುವುದು ಮಲ್ಲಿಕಾರ್ಜುನನ ಬಾಗಿಲಿನಲ್ಲಿಯೇ. ಶಿಲೆಯ ಹೆಣ್ಣಿಗೆ ಎಂಟುನೂರು ವರ್ಷಗಳಿಗೂ ಮಿಕ್ಕಿ ಉಳಿದುಬಂದ ಶೃಂಗಾರವನ್ನು, ಇಪ್ಪತ್ತೈದು ವರ್ಷದ ಮಾಂಸದ ಹೆಣ್ಣಿನಿಂದ ಒಂದು ಬೆಳಗಿನಲ್ಲಿ ಕಳಚಿ ತೆಗೆದವರು ದುಷ್ಟರಾಗಿರಲಿಲ್ಲ; ಆಕೆಯನ್ನು ಅಪ್ಪಿಕೊಂಡು ಅತ್ತವರೇ ಅವರು. ಎಲ್ಲರೂ ಹಾಗೆಯೇ ಮಾಡುತ್ತಾರೆಂಬುದೊಂದೇ ಅವರ ಕೈಯನ್ನು ನಡೆಯಿಸಿತು.

ಮಾಘಮಾಸದ ಕೃಷ್ಣಪಕ್ಷದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು. ನಾಲ್ಕು ದಿಕ್ಕುಗಳಿಂದಲೂ ಜನ ಕಾಲ್ನಡೆಯಲ್ಲಿ ಬಂದು ಸೇರುವ ಆ ಜಾತ್ರೆಯನ್ನು ನಾನು ಮೊದಲು ಅರಿತುಕೊಂಡುದು ಕಣ್ಣಿನಿಂದಲ್ಲ, ಮೂಗಿನಿಂದ: ಗಾಡಿ ಊರ ಹತ್ತಿರಕ್ಕೆ ಬರುತ್ತಲೇ ಸುಟ್ಟ ಕೊಬ್ಬರಿಯ ವಾಸನೆ, ಲೋಬಾನದ ಹೊಗೆ, ಎತ್ತುಗಳ ಬೆವರು, ಕಾದ ಎಣ್ಣೆಯಲ್ಲಿ ಬೇಯುವ ಮಿರ್ಚಿಯ ಘಾಟು, ಒಗ್ಗರಣೆ ಬಿದ್ದ ಮಂಡಕ್ಕಿಯ ಹಿತವಾದ ಹದ. ಅತ್ತೆಯು ನನ್ನ ಕೈಹಿಡಿದು ದರ್ಶನ ಮುಗಿಸಿಕೊಂಡು, ಬಳೆಗಾರರ ಸಾಲನ್ನು ತಲೆ ತಗ್ಗಿಸಿ ದಾಟಿ, ಅದರಾಚೆಗೆ ಚಾಪೆ ಹಾಸಿ ಕುಳಿತಿರುತ್ತಿದ್ದ ಅತ್ತಾರ ಸಾಹೇಬರ ಮುಂದೆ ನಿಲ್ಲುತ್ತಿದ್ದಳು. ಆತನ ಮುಂದೆ ಮರದ ಒಂದು ಪೆಟ್ಟಿಗೆ. ಒಳಗೆ ಕೆಂಪು ಮಕಮಲ್ಲಿನ ಗೂಡುಗಳಲ್ಲಿ ಗಾಜಿನ ಬಿರಡೆಯ ಪುಟ್ಟ ಪುಟ್ಟ ಶೀಶೆಗಳು. ಗುಲಾಬ್, ಹಿನಾ, ಖಸ್, ಮೋತಿಯಾ ಎಂದು ಆತನು ಹೆಸರು ಹೇಳುತ್ತ ಹೋದಂತೆ ಆ ಹೆಸರುಗಳೇ ಸುವಾಸನೆ ಬೀರುತ್ತಿದ್ದುವು. ಖಸ್ ಎಂದರೆ ನಮ್ಮ ಲಾವಂಚ. ಮೋತಿಯಾ ಎಂದರೆ ಮಲ್ಲಿಗೆ.

ಬೋಳು ಹಣೆಯ, ಬರಿಗೈಯ ಆ ಹೆಣ್ಣುಮಗಳನ್ನು ನೋಡಿ ಆತನು ಯಾರಿಗೆಂದು ಕೇಳಲಿಲ್ಲ. ಹತ್ತಿಯ ಒಂದೆಳೆಯನ್ನು ಶೀಶೆಯಲ್ಲಿ ಅದ್ದಿ, ಅವಳ ಅಂಗೈಯ ಹಿಂಬದಿಗೆ ನವಿರಾಗಿ ಸವರಿ, "ಒಂದು ಗಳಿಗಿ ತಾಳ್ರಿ ಅಕ್ಕಾರ. ಶೀಶೆದಾಗ ಇರೋತನಕ ಇದು ನಂದು. ಮೈಗೆ ಕಾವು ಹತ್ತಿದ ಮ್ಯಾಲೆ ನಿಮ್ದಾಗ್ತದ. ಆಗ ಮೂಸಿ ನೋಡ್ರಿ," ಎಂದನು. ಆತನು ಹೇಳಿದುದು ವ್ಯಾಪಾರದ ಮಾತಷ್ಟೇ ಅಲ್ಲ. ಅತ್ತರಿನ ಹುಟ್ಟು ನಿಧಾನದ್ದು: ಉತ್ತರದೇಶದ ಕನೌಜಿನಲ್ಲಿ ತಾಮ್ರದ ಹಂಡೆಗೆ ಹೂವನ್ನೂ ನೀರನ್ನೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಸೌದೆಯ ಉರಿಯಿಟ್ಟು, ಮೇಲೇಳುವ ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಪಾತ್ರೆಯೊಳಕ್ಕೆ ಇಳಿಸುತ್ತಾರೆ. ಹೂವು ಚಂಚಲ, ಗಂಧದೆಣ್ಣೆ ಸ್ಥಿರ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಂತುದು ಒಬ್ಬೊಬ್ಬರ ಚರ್ಮದ ಕಾವನ್ನೂ ಜಿಡ್ಡನ್ನೂ ಬೆವರನ್ನೂ ಕೂಡಿಕೊಂಡು, ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿರದೆ ಬೇರೆಯಾಗುತ್ತದೆ. ಅತ್ತೆಯು ಗಳಿಗೆ ಕಾದು, ಕೈಯನ್ನು ಮೂಗಿನ ಹತ್ತಿರಕ್ಕೆ ಒಯ್ದು, ಕಣ್ಣು ಮುಚ್ಚಿದಳು. ಅಷ್ಟು ಹೊತ್ತು ಅವಳು ಕೊಟ್ಟೂರಿನಲ್ಲಿ ಇರಲಿಲ್ಲ. ಕಾಲು ತೊಲದ ಶೀಶೆಗೆ ಹಣವನ್ನೆಣಿಸಿ, ಅದನ್ನು ಸೆರಗಿನ ತುದಿಯಲ್ಲಿ ಗಂಟಿಕ್ಕಿಕೊಂಡಳು.

ಬಹಳ ವರ್ಷಗಳ ಮೇಲೆ, ಸಂಸ್ಕೃತ ಬಲ್ಲ ಸ್ನೇಹಿತರೊಬ್ಬರ ಸಹವಾಸದಲ್ಲಿ, ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಅಧ್ಯಾಯವೊಂದಿದೆಯೆಂದು ತಿಳಿದಾಗ ನನಗೆ ಈ ಸಾಹೇಬರ ಪೆಟ್ಟಿಗೆಯೇ ನೆನಪಾಯಿತು. 6ನೆಯ ಶತಮಾನದ ಆ ಜ್ಯೋತಿಷಿಯು, ಗ್ರಹಗತಿಗಳನ್ನೂ ಮಳೆಯ ಲಕ್ಷಣಗಳನ್ನೂ ಹೇಳಿದ ಅದೇ ಲೇಖನಿಯಿಂದ, 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ 1820 ಬಗೆಯ ಕೂಟಗಳಾಗುವುವೆಂದು ಲೆಕ್ಕವಿಟ್ಟಿದ್ದಾನೆ. ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತ ಹೋದರೆ ಸಂಖ್ಯೆ ಇನ್ನೆಷ್ಟೋ ಪಾಲು ಬೆಳೆಯುತ್ತದೆ. ಹದಿನಾರೇ ಸಾಮಗ್ರಿಗಳಿಂದ ಒಂದು ದೊಡ್ಡ ಊರಿನ ಪ್ರತಿಯೊಬ್ಬನಿಗೂ ಅವನದೇ ಆದ ಪರಿಮಳವನ್ನು ಕೊಡಬಹುದೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಕನ್ನಡವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ: 1025ರ ಸುಮಾರಿಗೆ ಚಾವುಂಡರಾಯನು ಲೋಕೋಪಕಾರವನ್ನು ಬರೆದಾಗ, ಅಡುಗೆ, ವೈದ್ಯ, ಜಲಶೋಧನೆಗಳ ನಡುವೆ ಸುಗಂಧಗಳನ್ನು ತಯಾರಿಸುವ ಕ್ರಮವನ್ನೂ ಸೇರಿಸಿದನು, ಅದಾದ ಶತಮಾನದ ಮೇಲೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ವಿಲೇಪನವನ್ನೂ ಧೂಪವನ್ನೂ ರಾಜನ ಉಪಭೋಗಗಳ ಸಾಲಿಗೆ ತಂದನು. ನನ್ನ ಮನಸ್ಸು ಒಲಿಯುವುದು ಚಾವುಂಡರಾಯನ ಕಡೆಗೆ. ದೊರೆಯ ಉಪಭೋಗವೆನ್ನದೆ ಲೋಕಕ್ಕೆ ಉಪಕಾರವೆಂದನಲ್ಲ, ಆ ಹೆಸರಿನಲ್ಲಿ ನಮ್ಮ ಅತ್ತೆಗೂ ಸ್ಥಳವಿದೆ.

ಒಂದು ವರ್ಷದ ಜಾತ್ರೆಯಲ್ಲಿ ಸಾಹೇಬರ ಚಾಪೆಯ ಮುಂದೆ ನಾವು ಕುಳಿತಿದ್ದಾಗ, ತಲೆಯ ಮೇಲಿನ ಕೊಡವನ್ನು ಇಳಿಸಿ ಜೋಗತಿಯೊಬ್ಬಳು ಬಂದು ಕುಳಿತಳು. ಎತ್ತರದ ನಿಲುವು, ಗಡಸು ದನಿ. ತುರುಬಿನ ತುಂಬ ಕನಕಾಂಬರ. ಗಂಡಾಗಿ ಹುಟ್ಟಿ, ತನ್ನೊಳಗಿನ ಹೆಣ್ಣನ್ನು ಬಚ್ಚಿಡಲಾರದೆ ಸೀರೆಯುಟ್ಟವಳೆಂಬುದು ನನಗೆ ಆಗ ತಿಳಿದಿರಲಿಲ್ಲ. ಜನರು ಸುತ್ತಲೂ ಒಂದು ಮಾರು ಜಾಗ ಬಿಟ್ಟುಕೊಂಡು ನಡೆಯುತ್ತಿದ್ದುದನ್ನು ಮಾತ್ರ ಕಂಡೆ. ಸಾಹೇಬರು ಅದೇ ಹತ್ತಿಯಿಂದ ಅವಳ ಕೈಗೂ ಅತ್ತರನ್ನು ಸವರಿ, ಅದೇ ಮಾತನ್ನೇ ಹೇಳಿದರು: ಒಂದು ಗಳಿಗಿ ತಾಳ್ರಿ. ಇಬ್ಬರೂ ಎದುರುಬದಿರಾಗಿ ಕೈಯನ್ನು ಗಾಳಿಗೆ ಹಿಡಿದುಕೊಂಡು ಕಾಯುತ್ತಿದ್ದರು. ಹೂವು ಮುಡಿದುದಕ್ಕಾಗಿ ಊರು ಬಿಟ್ಟವಳು ಒಬ್ಬಳು, ಊರಿನಲ್ಲಿರುವುದಕ್ಕಾಗಿ ಹೂವು ಬಿಟ್ಟವಳು ಇನ್ನೊಬ್ಬಳು. ಜೋಗತಿ ತನ್ನ ಕೈಯನ್ನು ಅತ್ತೆಯ ಮುಂದಕ್ಕೆ ಚಾಚಿ, "ನೋಡಬೇ ಯವ್ವಾ, ನಂದು ಹೆಂಗೈತಿ?" ಎಂದಳು. ಅತ್ತೆ ಬಾಗಿ ಮೂಸಿ, "ನಂದಕಿಂತ ಖಾರೈತಿ. ಚೊಲೋ ಐತಿ," ಎಂದಳು. ಇಬ್ಬರೂ ನಕ್ಕರು. ಅತ್ತೆಯು ಹಾಗೆ ನಕ್ಕುದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ನಮ್ಮ ಕಡೆಯ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ, ಜೋಗತಿ ನೃತ್ಯವನ್ನು ನಾಡಿಗೆಲ್ಲ ಪರಿಚಯಿಸಿದ ಮಂಜಮ್ಮ ಜೋಗತಿಯವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವ ಮುನ್ನ ತಮ್ಮ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ನಿವಾಳಿಸಿದಾಗಲೂ, ನನಗೆ ಆ ಕನಕಾಂಬರದ ತುರುಬು ನೆನಪಾಯಿತು. ಜನರು ಬಿಟ್ಟುಕೊಟ್ಟಿದ್ದ ಆ ಒಂದು ಮಾರು ಜಾಗವನ್ನು ದಾಟುವುದಕ್ಕೆ ನಮಗೆ ಅಷ್ಟು ವರ್ಷಗಳು ಹಿಡಿದುವು.

ಅತ್ತೆಯು ತನ್ನ ಅತ್ತರನ್ನು ಬಳಸುತ್ತಿದ್ದ ರೀತಿಯನ್ನು ಹೇಳಬೇಕು. ಬೆಳಗ್ಗೆ ಸ್ನಾನವಾಗಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿದ ಮೇಲೆ, ಟ್ರಂಕಿನ ಮುಚ್ಚಳವನ್ನು ಅರೆ ತೆರೆದು, ಬಿರಡೆಯ ತುದಿಯನ್ನು ಕಿವಿಯ ಹಿಂದೆ ಒಂದು ಸಲ ಮುಟ್ಟಿಸುವಳು. ಅಷ್ಟೇ. ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದುದನ್ನು ಕಂಡು ಬೆಚ್ಚದೆ, ಮುಚ್ಚಿಡದೆ, ನನ್ನನ್ನು ಹತ್ತಿರಕ್ಕೆ ಕರೆದು ಹೇಳಿದಳು: "ಹೂ ಮುಡಿಬ್ಯಾಡ ಅಂದ್ರು, ಮುಡಿಲಿಲ್ಲ. ವಾಸನಿ ತಗೋಬ್ಯಾಡ ಅಂತ ಯಾರೂ ಅನ್ನಲಿಲ್ಲಪಾ." ಆ ಮಾತಿನಲ್ಲಿ ಹಟವೂ ಇರಲಿಲ್ಲ, ದೈನ್ಯವೂ ಇರಲಿಲ್ಲ, ತನ್ನ ಪಾಲಿನ ಹೊಲದ ಬದುವನ್ನು ತೋರಿಸುವವಳ ಸಮಾಧಾನವಿತ್ತು.

ವಾಸನೆಯೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆಯಷ್ಟೆ: ಮೂಗಿಗೆ ತಿಳಿಯುವುದೂ ವಾಸನೆಯೇ, ಹಿಂದಿನ ಅನುಭವವು ಚಿತ್ತದಲ್ಲಿ ಉಳಿಸಿಹೋದ ಸಂಸ್ಕಾರವೂ ವಾಸನೆಯೇ. ಭೂಮಿಯ ವಿಶೇಷಗುಣವೇ ಗಂಧವೆಂದು ವೈಶೇಷಿಕರು ಹೇಳಿದರು. ಕೂಡ್ಲಿಗಿಯವರಿಗೆ ಇದನ್ನು ಶಾಸ್ತ್ರದಿಂದ ಕಲಿಯಬೇಕಾಗಿಲ್ಲ. ನಾಲ್ಕು ತಿಂಗಳು ಕಾದು ಬಾಯ್ಬಿಟ್ಟ ನೆಲದ ಮೇಲೆ ಮೊದಲ ಮಳೆಯ ಹನಿ ಬಿದ್ದಾಗ ಏಳುವ ಘಮಕ್ಕೆ ಮನೆಮನೆಯ ಜನ ಅಂಗಳಕ್ಕೆ ಬಂದು ನಿಲ್ಲುವ ಸೀಮೆಯಿದು. ಆ ಘಮಕ್ಕೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ಪೆಟ್ರಿಕೋರ್ ಎಂದು ಹೆಸರಿಟ್ಟರು. ಕನೌಜಿನವರಾದರೋ ಅದಕ್ಕೆ ಬಹಳ ಮೊದಲೇ ಮಣ್ಣಿನ ಬಿಲ್ಲೆಗಳನ್ನು ಸುಟ್ಟು, ಹಂಡೆಯಲ್ಲಿ ಕುದಿಸಿ, ಮಳೆಯ ನೆಲದ ವಾಸನೆಯನ್ನೇ ಅತ್ತರು ಮಾಡಿ ಮಾರುತ್ತಿದ್ದರು. ಮಳೆ ಕೈಕೊಟ್ಟ ಒಂದು ವರ್ಷ ಸಾಹೇಬರು ಆ ಮಣ್ಣಿನ ಅತ್ತರನ್ನು ಅತ್ತೆಗೆ ತೋರಿಸಿದರು. ಅವಳು ಮೂಸಿ ಬಹಳ ಹೊತ್ತು ಸುಮ್ಮನಿದ್ದು, "ಇದು ಎಲ್ಲರದೂ ಆತು. ನನಗ ನಂದು ಕೊಡ್ರಿ," ಎಂದು ಮೋತಿಯಾದ ಶೀಶೆಯನ್ನೇ ತೆಗೆದುಕೊಂಡಳು.

ಗಂಡಿಗೂ ಹೆಣ್ಣಿಗೂ ಒಂದೇ ಪರಿಮಳವೆಂದು ಸಾರಿ, ಅಮೆರಿಕದ ಕ್ಯಾಲ್ವಿನ್ ಕ್ಲೈನ್ ಸಂಸ್ಥೆಯವರು 1994ರಲ್ಲಿ ಸಿಕೆ ಒನ್ ಎಂಬುದನ್ನು ಹೊರತಂದಾಗ, ಲೋಕದಲ್ಲಿ ಏನೋ ಹೊಸದು ನಡೆಯಿತೆಂದು ಪತ್ರಿಕೆಗಳು ಬರೆದುವು. ಒಳ್ಳೆಯದೇ. ಕೊಟ್ಟೂರಿನ ಚಾಪೆಯ ಮೇಲೆ ಆ ಸಮತ್ವವು ಯಾವ ಘೋಷಣೆಯೂ ಇಲ್ಲದೆ ಕುಳಿತಿತ್ತು. ಅಲ್ಲಿ ಕೊಳ್ಳುವವರನ್ನು ವಿಂಗಡಿಸುತ್ತಿದ್ದುದು ಅವರವರ ಕೈಯ ಕಾವು ಮಾತ್ರ. 2013ರಲ್ಲಿ ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ದೇವಾಲಯದಲ್ಲಿ ವಿಧವೆಯರಿಬ್ಬರನ್ನು ಅರ್ಚಕರನ್ನಾಗಿ ನೇಮಿಸಿದರೆಂಬ ವಾರ್ತೆಯನ್ನು ಓದಿದ ದಿನ, ದೇವರಿಗೆ ಏರಿಸಿದ ಹೂವು ಆ ಕೈಗಳಿಂದಲೇ ಭಕ್ತರ ಕೈಗೆ ಬರುವ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಹಳ ಹೊತ್ತು ಕುಳಿತಿದ್ದೆ. ಅತ್ತೆ ಹೋಗಿ ಅಷ್ಟರಲ್ಲಿ ಮೂವತ್ತು ವರ್ಷಗಳಾಗಿದ್ದುವು.

ಈಗ ನನ್ನ ತಾಯಿಯ ವಿಷಯ. ಅವ್ವನಿಗೆ ಮಲ್ಲಿಗೆಯೆಂದರೆ ತಲೆನೋವು. ಮಲ್ಲಿಗೆಯ ಕಂಪಿನೊಳಗೆ ಇಂಡೋಲ್ ಎಂಬ ಒಂದು ದ್ರವ್ಯವಿದ್ದು, ಗಾಢವಾಗಿದ್ದರೆ ಅದು ಅಸಹ್ಯವಾದ ನಾತವೆಂದೂ, ಅದು ಲೇಶವಾಗಿ ಬೆರೆತಿರುವುದರಿಂದಲೇ ಮಲ್ಲಿಗೆಗೆ ಆ ಮಾದಕವಾದ ಆಳವೆಂದೂ ತಿಳಿದವರು ಹೇಳುತ್ತಾರೆ. ಅವ್ವನ ಮೂಗಿಗೆ ಬಹುಶಃ ಆ ಲೇಶವೇ ಮೊದಲು ತಗಲುತ್ತಿತ್ತು. ಹಬ್ಬದ ದಿನವೂ ಅವಳು ಸೇವಂತಿಗೆಯ ಒಂದು ಹೂವಿನಲ್ಲಿ ತೃಪ್ತಳು. ಆದರೂ, ಹಡಗಲಿಯ ಬಸ್ಸಿನಲ್ಲಿ ಹೂವಿನ ಬುಟ್ಟಿ ತರುತ್ತಿದ್ದ ಹೆಂಗಸು ನಮ್ಮ ಬಾಗಿಲಿಗೆ ಬಂದಳೆಂದರೆ, ಮನೆಗೆ ನೆಂಟರು ಬರುವ ಸೂಚನೆಯಿದ್ದ ದಿನಗಳಲ್ಲಿ, ಅವ್ವ ಎರಡು ಮಾರು ಮಲ್ಲಿಗೆ ಕೊಂಡು ಮುಡಿಯುತ್ತಿದ್ದಳು. ಸಂಜೆಗೆ ಹಣೆಗೆ ಶುಂಠಿಯನ್ನು ತೇಯ್ದು ಹಚ್ಚಿಕೊಂಡು ಕತ್ತಲಲ್ಲಿ ಮಲಗುತ್ತಿದ್ದಳು. ಮುತ್ತೈದೆಯ ಸಂಭ್ರಮವೆಂದು ನಾನು ತಿಳಿದಿದ್ದೆ. ಹೂವು ಮುಡಿಯಲಾರದ ನಾದಿನಿಯ ಮುಂದೆ ಅವ್ವ ಹೀಗೆ ತುರುಬು ತುಂಬಿಕೊಳ್ಳಬಾರದಿತ್ತೆಂದು ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಹರಪನಹಳ್ಳಿಯ ಕಡೆಯಿಂದ ಹಿರಿಯರೊಬ್ಬರು ಬಂದಿದ್ದ ದಿನ, ಅತ್ತೆಯು ಅವರಿಗೆ ನೀರು ಕೊಟ್ಟು ಒಳಕ್ಕೆ ತಿರುಗಿದ ಗಳಿಗೆಯಲ್ಲಿ, ಅವರು ಚೊಂಬನ್ನು ಕೈಯಲ್ಲಿಯೇ ಹಿಡಿದು, "ಮನಿಯಾಗ ಮಲ್ಲಿಗಿ ವಾಸನಿ ಹೊಡಿತೈತಲ್ಲ?" ಎಂದರು. ಅಡುಗೆಮನೆಯಿಂದ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಹೊರಕ್ಕೆ ಬಂದು, "ಹಡಗಲಿ ಹೂ ಬಂದಿದ್ವು, ನಾ ಮುಡಿದೀನ್ರಿ ಮಾವಾರ," ಎಂದು, ಅವರ ಕಣ್ಣಿಗೆ ಬೀಳುವಂತೆ ಬಾಗಿ ಕಾಲು ಮುಟ್ಟಿ ನಮಸ್ಕರಿಸಿದಳು.

ಅತ್ತೆಯು ಒಂದು ಶ್ರಾವಣದಲ್ಲಿ ಮೂರು ದಿನದ ಜ್ವರದಿಂದ ತೀರಿಕೊಂಡಳು. ದಿನಕರ್ಮಗಳೆಲ್ಲ ಮುಗಿದು, ಬಂದ ನೆಂಟರು ಇನ್ನೂ ಪಡಸಾಲೆಯಲ್ಲಿ ಕುಳಿತಿರುವಾಗಲೇ, ಹೂವಿನ ಹೆಂಗಸು ಎಂದಿನಂತೆ ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿ, ಕೇಳದೆಯೇ ಎರಡು ಮಾರು ಅಳೆಯತೊಡಗಿದಳು. ಅವ್ವ ಹೊಸ್ತಿಲಲ್ಲಿ ನಿಂತು ಅವಳ ಕೈಯನ್ನು ಮೆಲ್ಲಗೆ ಹಿಡಿದಳು.

"ಬ್ಯಾಡ ತಂಗಿ, ಇನ್ನ ಮ್ಯಾಲೆ ಬ್ಯಾಡ. ಮಲ್ಲಿಗಿ ನನಗ ಆಗಿಬರಂಗಿಲ್ಲ."